ನರಿ ವಾಸನೆಯ ಕ್ರಿಸ್‌ಮಸ್

ನವೆಂಬರ್ 24, ಸೋಮವಾರ

ನಾನು ಓಡಿಸುವ ಶಾಲಾ ಬಸ್ಸು ಇವತ್ತೂ ಮೊಂಡಾಟ ಮಾಡಿತು. ಮಕ್ಕಳನ್ನು ಶಾಲೆಗೆ ಬಿಟ್ಟಾಗ ಮೊದಲ ಬೆಲ್ ಆಗಿಹೋಗಿತ್ತು. ಹೆಡ್‌ಮಿಸ್ ಗಡಿಯಾರ ನೋಡಿದರು. ನಾನು ಆಕಾಶ ನೋಡಿದೆ.

ಮನೆಗೆ ಬಂದು ಗರಗಸ ಹಿಡಿದೆ. ಮನೆ ಪಕ್ಕದ ಇಳಿಜಾರಿನಲ್ಲಿ ಮಾರಾಟಕ್ಕೆ ಬೆಳೆಸಿದ ಕ್ರಿಸ್‌ಮಸ್ ಮರಗಳಲ್ಲಿ ಅರ್ಧ ಉರುಳಿದವು. ಅಪ್ಪ ಕಡಿದ ಮರಕ್ಕೆ ಬಲೆ ಸುತ್ತುವ ಯಂತ್ರದ ಪಕ್ಕ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆ. ಒಂದು ಕೊಂಬೆ ಎತ್ತುವುದಿಲ್ಲ, ಪ್ರತಿ ಮರಕ್ಕೂ ಒಂದು ತಕರಾರು ಮಾತ್ರ ತಪ್ಪದು.

"ಅದರ ಸೊಂಟ ನೋಡು, ಸೊಟ್ಟ. ಯಾರ ಮನೆಗೆ ಕಳಿಸ್ತೀಯ ಅದನ್ನ?"

"ಸೊಂಟ ಸೊಟ್ಟ ಇರೋರ ಮನೆಗೆ."

"ನಿಮ್ಮಮ್ಮ ಇದ್ದಿದ್ರೆ ನಿನ್ನ ನಾಲಿಗೆಗೆ ಸೋಪು ಹಾಕಿ ತೊಳೀತಿದ್ಲು."

ರಾತ್ರಿ ಊಟದ ಹೊತ್ತಿಗೆ ಹ್ಯಾಲಿಫ್ಯಾಕ್ಸ್‌ನಿಂದ ಅಣ್ಣನ ಫೋನು. ವೆಂಡಲ್ ಜಗಳ ಆಡುವುದಿಲ್ಲ, ಅದೇ ಅವನ ಜೊತೆಗಿನ ಕಷ್ಟ. ಮೆತ್ತಗೆ ಹೇಳುತ್ತಾನೆ. ಒಂದು ವರ್ಷ ಬಿರುಗಾಳಿ, ಒಂದು ವರ್ಷ ಎಲೆ ಉದುರುವ ರೋಗ, ಹೋದ ವರ್ಷ ಕಳ್ಳರು. ಇನ್ನು ಸಾಕು ಅಂದ. ಹಿಂದಿನ ಗುಡ್ಡದ ಮರಗಳು ಈ ಕ್ರಿಸ್‌ಮಸ್‌ಗೆ ಖಾಲಿಯಾದರೆ ನೋಡೋಣ, ಆಗದಿದ್ದರೆ ಬೇಸಿಗೆ ಮನೆ ಕಟ್ಟಿ ಮಾರುವವನಿಗೆ ಜಮೀನು ಕೊಟ್ಟು ಜನವರಿಯಲ್ಲಿ ಸಹಿ ಹಾಕಿಬಿಡೋಣ ಅಂದ. ಜಮೀನು ನಮ್ಮಿಬ್ಬರ ಹೆಸರಿನಲ್ಲಿದೆ. ಸರಿ ಅಂದೆ. ಬೇರೇನು ಅನ್ನಲಿ... ಹಿಂದಿನ ಗುಡ್ಡದ ಸಾಲು ಅಮ್ಮ ನೆಟ್ಟದ್ದು, ಅವಳು ಹೋಗುವ ಮೊದಲು ಕೊನೆಗೆ ನೆಟ್ಟದ್ದು. ಈಗ ಕಡಿಯುವ ಎತ್ತರಕ್ಕೆ ಬಂದಿವೆ. ಅಷ್ಟು ಚೆಂದದ ಫರ್ ಮರಗಳು ಈ ಜಿಲ್ಲೆಯಲ್ಲೇ ಇಲ್ಲ.

ಡಿಸೆಂಬರ್ 2, ಮಂಗಳವಾರ

ಹಿಂದಿನ ಗುಡ್ಡದಿಂದ ಚೆನ್ನಾಗಿ ಹೋಗುತ್ತಿದೆ. ಪಾದ್ರಿಗಳ ಮನೆಗೆ ಒಂದು. ಊರಿನ ಸಭೆ-ಊಟಗಳೂ ನಡೆಯುವ ಅಗ್ನಿಶಾಮಕ ಠಾಣೆ, ಫೈರ್ ಹಾಲ್‌ಗೆ ಎಲ್ಲಕ್ಕಿಂತ ಎತ್ತರದ್ದು, ಪ್ರತಿ ವರ್ಷದಂತೆ ನಮ್ಮ ಕಾಣಿಕೆ.

ಸಂಜೆ ಒಬ್ಬ ಹೊಸಬ ಬಂದಿದ್ದ. ನಮ್ಮೂರಿನ ನರ್ಸ್ ಕ್ಯಾಥರೀನ್‌ಳ ತಮ್ಮನಂತೆ, ಕೇಪ್ ಬ್ರೆಟನ್ ಕಡೆಯವನು, ಹೆಸರು ರೋರಿ ಗಿಲಿಸ್. ಕೋಸ್ಟ್ ಗಾರ್ಡ್ ಹಡಗಿನಲ್ಲಿ ಅಡುಗೆಯವನು. ತಿಂಗಳ ರಜೆ. ಐವತ್ತರ ಆಸುಪಾಸು, ಕಿವಿ ದೊಡ್ಡವು. ಪ್ರತಿ ಮರಕ್ಕೂ ಸುತ್ತು ಬಂದು, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ.

"ಮದುವೆಗೆ ಹೆಣ್ಣು ನೋಡ್ತಿಲ್ಲ, ಬೇಗ ಆಗ್ಲಿ. ಕತ್ತಲಾಗ್ತಿದೆ," ಅಂದೆ.

"ಹೆಣ್ಣಾಗಿದ್ರೆ ಇಷ್ಟು ಧೈರ್ಯವಾಗಿ ನೋಡ್ತಿರ್ಲಿಲ್ಲ ಮೇಡಂ," ಅಂದ.

ಬಲೆ ಸುತ್ತಿಸಿಕೊಳ್ಳದೆ ಮರವನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೋದ. ಗೇಟಿನ ತನಕ ನೋಡುತ್ತ ನಿಂತಿದ್ದೆ. ಅಪ್ಪ ಕೆಮ್ಮಿದ. ಸುಮ್ಮನೆ ಕೆಮ್ಮುವ ಮನುಷ್ಯನಲ್ಲ ಅವನು.

ಡಿಸೆಂಬರ್ 5, ಶುಕ್ರವಾರ

ಕೆಟ್ಟಿತು. ಎಲ್ಲ ಕೆಟ್ಟಿತು.

ನಾಲ್ಕಕ್ಕೆ ಬಸ್ಸು ನಿಲ್ಲಿಸಿ ಬರುವಾಗ ರೋರಿಯ ಪಿಕಪ್ ಗೇಟಿನಲ್ಲಿ. ಹಿಂದೆ ಮರ, ಮರದ ಪಕ್ಕ ಅವನ ಚೀಲ, ಹಾಸಿಗೆ.

"ಮೇಡಂ, ಈ ಮರ ನಾರುತ್ತಂತೆ."

"ನಾರುತ್ತಂತೆ ಅಂದ್ರೆ? ನಿಮಗೇ ಗೊತ್ತಾಗಲ್ವಾ?"

"ನನಗೆ ಮೂಗಿಲ್ಲ. ಆ ದೊಡ್ಡ ಜ್ವರ ಬಂತಲ್ಲ ಎಲ್ರಿಗೂ, ಆವಾಗ ಹೋಗಿದ್ದು ವಾಪಸ್ ಬಂದಿಲ್ಲ. ಮೂರು ರಾತ್ರಿ ಮರದ ಪಕ್ಕಾನೇ ಮಲಗಿದ್ದೆ, ಸುಖವಾಗಿ. ಅಕ್ಕ ಮೂರು ದಿನ ಆಸ್ಪತ್ರೇಲೇ ಉಳಿದು ನೈಟ್ ಡ್ಯೂಟಿ ಸರದಿ ಮುಗಿಸಿ ಬಂದೋಳು ಬಾಗಿಲಲ್ಲೇ ನಿಂತ್ಲು. ಮರಾನೂ ಆಚೆಗೆ, ನಾನೂ ಆಚೆಗೆ. ಸ್ವಲ್ಪ ನೋಡಿ ಹೇಳಿ, ನಾನೂ ನಾರ್ತಿದೀನಾ?"

ನಾರುತ್ತಿದ್ದ. ದೇವರೇ, ಹೇಗೆ ನಾರುತ್ತಿದ್ದ. ಒಂದೇ ಉಸಿರಿಗೆ ಗೊತ್ತಾಯಿತು — ನರಿ ಮೂತ್ರ. ಪ್ರತಿ ಅಕ್ಟೋಬರ್‌ನಲ್ಲಿ ಕೊಂಡು ತಂದು ನಾವೇ ನೀರಲ್ಲಿ ಕಲಸಿ, ರಸ್ತೆ ಬದಿಯ ಸಾಲಿಗೆ ಹೊಡೆಯುವುದು, ಮರ ಕದಿಯುವ ಕಳ್ಳರಿಗೆ ಪಾಠ ಕಲಿಸಲು. ಚಳಿಯಲ್ಲಿ ಏನೂ ತಿಳಿಯುವುದಿಲ್ಲ. ಕದ್ದು ಒಯ್ದು ಬೆಚ್ಚನೆಯ ಮನೆಯಲ್ಲಿ ನಿಲ್ಲಿಸಿದರೆ ಆಗ ಶುರು. ಹೊಡೆದ ಮರಕ್ಕೆ ಕಿತ್ತಳೆ ರಿಬ್ಬನ್ ಕಟ್ಟುತ್ತೇವೆ, ಆ ವರ್ಷ ಮಾರುವುದಿಲ್ಲ. ಆದರೆ ಈ ಮರ ಹಿಂದಿನ ಗುಡ್ಡದ್ದು, ರಿಬ್ಬನ್ ಇಲ್ಲದ್ದು.

ತಲೆ ಎತ್ತಿದರೆ ಕಿಟಕಿಯಲ್ಲಿ ಅಪ್ಪ. ಪರದೆ ಎಳೆದುಕೊಂಡ.

"ಅಪ್ಪ. ಹಿಂದಿನ ಗುಡ್ಡಕ್ಕೂ ಹೊಡೆದ್ಯಾ?"

"ಕಳ್ಳ ಯಾವುದನ್ನ ಕಡೀತಾನೆ ಹೇಳು? ಒಳ್ಳೇದನ್ನೇ ಕಡೀತಾನೆ. ಅದಕ್ಕೇ ಒಳ್ಳೊಳ್ಳೇ ಮರ ನೋಡಿ ಹೊಡೆದೆ."

"ರಿಬ್ಬನ್ ಯಾಕೆ ಕಟ್ಟಲಿಲ್ಲ?"

"ಕಟ್ಟಿದ್ರೆ ಕಳ್ಳನಿಗೂ ಗೊತ್ತಾಗಲ್ವೇನೇ? ಅದನ್ನ ಬಿಟ್ಟು ಪಕ್ಕದ್ದು ಕಡೀತಾನೆ."

"ನನಗಾದ್ರೂ ಹೇಳ್ಬೇಕಿತ್ತಲ್ಲ."

"ನೀನು ಬಸ್ ಓಡಿಸ್ತೀಯ. ನಿನ್ನ ಬಾಯಿಂದ ಮಕ್ಕಳ ಕಿವಿಗೆ, ಅಲ್ಲಿಂದ ಊರಿಗೆ. ಕಳ್ಳ ಊರೋನೇ ತಾನೆ?"

ಯಾವ ಯಾವ ಮರ ಅಂದೆ. ಎಲ್ಲ ನೆನಪಿದೆ ಅಂದ. ಕೋಟು ಹಾಕಿಸಿ ಗುಡ್ಡಕ್ಕೆ ಕರೆದೊಯ್ದೆ. ಇದು ಅಂದ. ಇದಲ್ಲ, ಅದು ಅಂದ. ಮತ್ತೆ ಮೊದಲನೆಯದಕ್ಕೆ ಬಂದ. ಆಮೇಲೆ ಮರಗಳ ನಡುವೆ ಸುಮ್ಮನೆ ನಿಂತುಬಿಟ್ಟ, ಟೋಪಿ ಕೈಯಲ್ಲಿ ಹಿಡಿದು. ಬೈಯಬೇಕು ಅಂತ ಬಂದವಳು ಅವನ ಟೋಪಿ ತೆಗೆದು ತಲೆಗೆ ಹಾಕಿ, ತೋಳು ಹಿಡಿದು ಕೆಳಗೆ ಇಳಿಸಿಕೊಂಡು ಬಂದೆ.

ಡಿಸೆಂಬರ್ 6, ಶನಿವಾರ

ಫೈರ್ ಹಾಲ್‌ನಲ್ಲಿ ಊರೂಟ. ಹೋಗುವ ಮೊದಲೇ ಗೊತ್ತಿತ್ತು, ಅಲ್ಲಿ ನಿಂತದ್ದೂ ಹಿಂದಿನ ಗುಡ್ಡದ ಮರವೇ, ಆದರೂ ದಾರಿಯುದ್ದಕ್ಕೂ ಬೇಡಿಕೊಂಡೆ — ಆ ಮರ ಒಳ್ಳೆಯದಾಗಿರಲಿ ಅಂತ.

ಹೀಟರ್ ಹಾಕಿದರು. ಮೊದಲು ಎಲ್ಲರೂ ಹುಳಿ ಕೋಸಿನ ಪಾತ್ರೆಯನ್ನು ಅನುಮಾನಿಸಿದರು. ಆಮೇಲೆ ಪಾದ್ರಿಗಳ ನಾಯಿಯನ್ನು ಹೊರಗೆ ಕಳಿಸಿದರು. ಅಡೀಲಾ ಕಾರ್ಕಮ್ ಅಜ್ಜಿ, ಎಂಬತ್ತು ದಾಟಿದರೂ ಊರಿಗೇ ತೀಕ್ಷ್ಣ ಮೂಗು ಅವಳದು, ತಟ್ಟೆ ಕೆಳಗಿಟ್ಟು ಎದ್ದಳು. ಮೂಗು ಮುಂದೆ ಮಾಡಿಕೊಂಡು ಮೇಜುಗಳ ನಡುವೆ ನಡೆದು ಸೀದಾ ಮರದ ಮುಂದೆ ನಿಂತಳು.

"ಟೈಟಸ್ ಜ್ವಿಕರ್," ಅಂದಳು ಅಪ್ಪನಿಗೆ. "ನಿನ್ನ ಮರ ಉಚ್ಚೆ ಹೊಯ್ದುಕೊಂಡಿದೆ."

ಇಡೀ ಹಾಲ್ ನಕ್ಕಿತು. ಅಪ್ಪನ ಕಿವಿ ಕೆಂಪಾದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಯಾವ ಮರಕ್ಕೆ ಹೊಡೆದಿದ್ದೇವೋ ನಮಗೇ ಗೊತ್ತಿಲ್ಲ, ನಾರಿದರೆ ವಾಪಸ್ ತನ್ನಿ, ದುಡ್ಡು ವಾಪಸ್ ಅಂದೆ. ನಗು ನಿಂತು, ಎಲ್ಲರೂ ತಟ್ಟೆ ನೋಡಿಕೊಂಡು ಊಟ ಮುಂದುವರಿಸಿದರು. ಅದೇ ಹೆಚ್ಚು ನೋವಾಯಿತು.

ಡಿಸೆಂಬರ್ 7, ಭಾನುವಾರ

ಮಧ್ಯಾಹ್ನದವರೆಗೆ ವಾಪಸ್ ಬಂದ ಮರಗಳು ಗೇಟಿನ ಪಕ್ಕ ಬೇಲಿಯಷ್ಟಾದವು. ಹೊಸಬರು ಒಬ್ಬರೂ ಇಲ್ಲ. ವೆಂಡಲ್‌ಗೆ ಸುದ್ದಿ ಮುಟ್ಟಿದೆ.

"ಗೇಟ್ ಮುಚ್ಚಿಬಿಡು ಇರ್ಮಾ. ಇನ್ನೂ ಒದ್ದಾಡ್ಬೇಡ."

"ಕ್ರಿಸ್‌ಮಸ್ ತನಕ ಅಂತ ಮಾತಾಗಿತ್ತು."

"ನಾರೋ ಮರ ಯಾರೇ ತಗೋತಾರೆ?"

ಫೋನಿಟ್ಟ ಮೇಲೆ ಅತ್ತುಬಿಟ್ಟೆ. ಬರೆದಿಡುತ್ತೇನೆ, ಯಾರು ಓದಬೇಕು. ಪಾತ್ರೆ ತೊಳೆಯುತ್ತ ಅತ್ತೆ, ಒರೆಸುತ್ತ ನಿಲ್ಲಿಸಿದೆ.

ಡಿಸೆಂಬರ್ 8, ಸೋಮವಾರ

ಸಿಟ್ಟಿಗೆ ಒಂದು ಕೆಲಸ ಮಾಡಿದೆ. ಫರ್ ಕೊಂಬೆಗಳ ಹಾರ ಕಟ್ಟುವ ಶೆಡ್‌ನಲ್ಲಿ ಒಲೆ ಹೊತ್ತಿಸಿ, ಗುಡ್ಡದಿಂದ ಆಗಷ್ಟೇ ಕಡಿದ ನಾಲ್ಕು ಮರಗಳನ್ನು ಒಳಗೆ ನಿಲ್ಲಿಸಿದೆ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿ, "ಮೂಸು, ನೀನು ಮಾಡಿದ್ದನ್ನ ನೀನೇ ಮೂಸು," ಅಂದೆ. ಹಿಮ ಕರಗಿ ತೊಟ್ಟಿಕ್ಕಿತು. ಸುಮಾರು ಒಂದು ಗಂಟೆ ಆದ ಮೇಲೆ ಒಂದು ಮರ ನಾರತೊಡಗಿತು. ಉಳಿದ ಮೂರರಿಂದ ಘಮ್ಮನೆ ಫರ್ ಮರದ ಪರಿಮಳ, ಚಿಕ್ಕಂದಿನ ಕ್ರಿಸ್‌ಮಸ್ ಬೆಳಗಿನದು.

ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು.

"ಎಲ್ಲಾನೂ ಬೆಚ್ಚಗೆ ಮಾಡ್ಬೇಕು," ಅಂದ ಅಪ್ಪ. "ಒಂದೊಂದನ್ನೂ."

"ಗುಡ್ಡದಲ್ಲಿ ಎಷ್ಟು ಮರ ಇದೆ ಗೊತ್ತಾ ನಿನಗೆ?"

"ಒಲೆಗೆ ಸೌದೆ ಹಾಕೋಕೆ ನಾನಿದೀನಲ್ಲ," ಅಂತ ಬಾಗಿಲಿನಿಂದ ದನಿ. ರೋರಿ. ಅಕ್ಕ ಇನ್ನೂ ಒಳಗೆ ಬಿಟ್ಟುಕೊಂಡಿಲ್ಲವಂತೆ, ಹಾಸಿಗೆ ಸುಟ್ಟು ಬಾ ಅಂದಿದ್ದಾಳಂತೆ. ಪಿಕಪ್‌ನಲ್ಲೇ ಮೂರು ರಾತ್ರಿ ಕಳೆದಿದ್ದಾನೆ, ಈ ಚಳಿಯಲ್ಲಿ, ನಮ್ಮ ಮರದ ದೆಸೆಯಿಂದ. ಶೆಡ್‌ನ ಅಟ್ಟ ಖಾಲಿ ಇದೆ ಅಂದೆ. ನಾರುವ ಮರಗಳನ್ನು ಹೊತ್ತು ಹಾಕುವ ಕೆಲಸ ನನಗೆ ಬಿಡಿ, ನನ್ನ ಮೂಗು ಅದಕ್ಕೇ ಹುಟ್ಟಿದ್ದು ಅಂದ.

ಡಿಸೆಂಬರ್ 11, ಗುರುವಾರ

ಬಸ್ಸಿನಲ್ಲಿ ಮೊದಲ ಮೂರು ಸಾಲು ಖಾಲಿ. ಎಲ್ಲ ಮಕ್ಕಳೂ ಹಿಂದೆ. ನನ್ನ ಕೂದಲಿಗೂ ಹಿಡಿದಿದೆ. ಟೊಮೆಟೊ ರಸ ಹಾಕಿ ತೊಳೆದೆ, ಈಗ ಟೊಮೆಟೊ ತಿಂದ ನರಿಯ ವಾಸನೆ.

ರೋರಿ ಮಾತ್ರ ಊಟಕ್ಕೆ ನನ್ನ ಪಕ್ಕದಲ್ಲೇ ಕೂರುತ್ತಾನೆ.

"ಈ ಊರಲ್ಲಿ ನಿನ್ನ ಪಕ್ಕ ಕೂತು ಊಟ ಮಾಡಬಲ್ಲ ಗಂಡಸು ನಾನೊಬ್ನೇ, ಇರ್ಮಾ."

'ಮೇಡಂ' ಅನ್ನುವುದು ಯಾವಾಗ ಬಿದ್ದುಹೋಯಿತೋ ಗಮನಿಸಲಿಲ್ಲ. ನನಗೆ ನಲವತ್ತಾರು. ಇಂಥ ಮಾತಿಗೆ ಕೆಂಪಾಗುವ ವಯಸ್ಸಲ್ಲ. ಒಲೆಯ ಶಾಖ ಅಂದುಕೊಂಡೆ.

ಡಿಸೆಂಬರ್ 13, ಶನಿವಾರ

ಬೆಚ್ಚಗೆ ಮಾಡಿ, ಮೂಸಿಯೇ ಕೊಡುತ್ತೇವೆ ಅಂತ ಗೇಟಿಗೆ ಬೋರ್ಡು ಹಾಕಿದ್ದೆ, ಜನ ಬಂದರು. ಮೊದಲು ನಗಲಿಕ್ಕೆ, ನಾಲ್ಕೈದು ಮಂದಿ. ಮರ ಆರಿಸಿ, ಕಡಿಸಿ, ಶೆಡ್‌ಗೆ ತಂದು ನಿಲ್ಲಿಸಬೇಕು. ಅದು ಬೆಚ್ಚಗಾಗುವವರೆಗೆ ಬೆಂಚಿನ ಮೇಲೆ ಕಾಯಬೇಕು. ಒಂದು ಗಂಟೆ ಜನ ಸುಮ್ಮನೆ ಕೂತರೆ ಏನಾಗುತ್ತದೆ? ಮಾತಾಡುತ್ತಾರೆ. ಹಸಿಯುತ್ತದೆ. ರೋರಿ ಹಾಲು ಹಾಕಿ ಮೀನಿನ ಸೂಪು ಮಾಡಿದ್ದ. ಅಡೀಲಾ ಅಜ್ಜಿ ಒಲೆಯ ಪಕ್ಕದ ಕುರ್ಚಿ ಹಿಡಿದು ತಾನೇ ನ್ಯಾಯಾಧೀಶೆ ಆದಳು. ಪ್ರತಿ ಮರದ ಕೊಂಬೆ ಎಳೆದು ಮೂಸಿ ತೀರ್ಪು. ಮಕ್ಕಳು ಉಸಿರು ಬಿಗಿ ಹಿಡಿದು ಕಾಯುತ್ತಾರೆ.

"ಇದು ಪಾಸು. ತಗೊಂಡ್ಹೋಗು. ಇದು ಫೇಲು. ಹಡಗಿನವನೇ, ಎತ್ತಾಚೆಗೆ."

ಫೇಲಾದಾಗ ಪಾಸಾದದ್ದಕ್ಕಿಂತ ಜೋರು ಕೇಕೆ. ಫೇಲಾದವರು ಮತ್ತೆ ಗುಡ್ಡ ಹತ್ತಿ ಇನ್ನೊಂದು ಆರಿಸುತ್ತಾರೆ, ಮತ್ತೊಂದು ಬಟ್ಟಲು ಸೂಪು ಕುಡಿಯುತ್ತಾರೆ. ಕತ್ತಲಾದರೂ ಎದ್ದು ಹೋಗುವವರಿಲ್ಲ. ಅಪ್ಪ ಮೂಲೆಯಲ್ಲಿ ಕೂತು, ತಾನು ಕಳ್ಳರಿಗೆ ಹೂಡಿದ ತಂತ್ರವನ್ನು ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದ.

ಡಿಸೆಂಬರ್ 16, ಮಂಗಳವಾರ. ಸಂಜೆ

ರೋರಿ ಪಾತ್ರೆಯ ಮುಚ್ಚಳ ತೆಗೆದು ನನ್ನನ್ನು ಕರೆದ. "ಬಾ, ಮೂಸಿ ಹೇಳು."

"ಏನು ಹೇಳ್ಲಿ?"

"ಏನೇನು ವಾಸನೆ ಬರುತ್ತೆ ಎಲ್ಲಾ ಹೇಳು. ನಾನು ನೆನಪಿನ ಮೇಲೆ ಅಡುಗೆ ಮಾಡೋನು. ಉಪ್ಪು ಹುಳಿ ನಾಲಿಗೆಗೆ ಸಿಗುತ್ತೆ, ಉಳಿದಿದ್ದು ಅಂದಾಜು. ಹಡಗಲ್ಲಿ ಯಾರನ್ನಾದ್ರೂ ಕೇಳಿದ್ರೆ 'ಚೆನ್ನಾಗಿದೆ' ಅಂತಾರೆ ಅಷ್ಟೆ."

ಬಗ್ಗಿ ಮೂಸಿದೆ. ಈರುಳ್ಳಿ ಕೆಂಪಾಗಿದೆ, ಸೀದಿಲ್ಲ ಅಂದೆ. ಮೆಣಸು ಹಿಂದಿನಿಂದ ಬರುತ್ತಿದೆ. ಹಾಲು ಸಿಹಿಯಾಗಿದೆ. ಮೀನು ಸಮುದ್ರದ್ದೇ, ಕೆಟ್ಟಿಲ್ಲ. ಒಣ ಎಲೆ ಏನೋ ಹಾಕಿದ್ದೀಯ, ಅಮ್ಮ ಕೋಳಿಯ ಹೊಟ್ಟೆಯೊಳಗೆ ತುಂಬುತ್ತಿದ್ದದ್ದು... ಹೇಳುತ್ತ ಹೋದೆ. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಯಾವ ಗಂಡಸೂ ನನ್ನ ಮಾತನ್ನು ಹಾಗೆ ಕೇಳಿಸಿಕೊಂಡದ್ದಿಲ್ಲ.

ಇವನನ್ನು ನಾನು ಇಷ್ಟಪಡುತ್ತಿದ್ದೇನೆ. ಬರೆದಾಯಿತು.

ಡಿಸೆಂಬರ್ 18, ಗುರುವಾರ

ಫೇಲಾದ ಮರಗಳ ರಾಶಿ ನೋಡಿ ಸಂಕಟವಾಗುತ್ತಿತ್ತು. ಅಮ್ಮನ ಮರಗಳು, ಅವೇ ಎಲ್ಲಕ್ಕಿಂತ ಚೆಂದದವು. ಇವತ್ತು ಸಿಗಡಿ ದೋಣಿಯವರು ಬಂದು ಎಲ್ಲವನ್ನೂ ಒಯ್ದರು, ಅರ್ಧ ಬೆಲೆಗೆ. ಕ್ರಿಸ್‌ಮಸ್‌ಗೆ ದೋಣಿಯ ಕಂಬಕ್ಕೆ ಹೇಗೂ ಮರ ಕಟ್ಟುತ್ತಾರಲ್ಲ, ಆ ಗಾಳಿಯಲ್ಲಿ ನಾರಿದರೆ ಯಾರಿಗೆ? ಸಂಜೆ ಅಪ್ಪನನ್ನು ಬಂದರಿಗೆ ಕರೆದೊಯ್ದೆ. ಎಲ್ಲ ದೋಣಿಗಳ ಮೇಲೂ ನಮ್ಮ ಮರ, ದೀಪ ಸುತ್ತಿಕೊಂಡು.

"ನಿಮ್ಮಮ್ಮ ನೋಡ್ಬೇಕಿತ್ತು," ಅಂದ ಅಪ್ಪ. ಕಾರಿನ ಕಿಟಕಿ ಇಳಿಸಲು ಬಿಡಲಿಲ್ಲ ಮಾತ್ರ.

ಡಿಸೆಂಬರ್ 21, ಭಾನುವಾರ

ಬಸ್ಸಿಗೆ ರಜೆ ಸಿಕ್ಕಿದ್ದು ಒಳ್ಳೆಯದಾಯಿತು, ಕೂರಲು ಪುರುಸೊತ್ತಿಲ್ಲ. ಹ್ಯಾಲಿಫ್ಯಾಕ್ಸ್‌ನಿಂದೆಲ್ಲ ಕಾರು. ಮರ ಮೂಸುವ ಶೆಡ್ ಎಲ್ಲಿ ಅಂತ ಕೇಳಿಕೊಂಡು ಬರುತ್ತಾರೆ. ಆ ಸಾಲಿನಲ್ಲಿ ಒಂದು ಕಾರು ವೆಂಡಲ್‌ದು. ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದ. ಬಾಗಿಲಲ್ಲೇ ನಿಂತು ನೋಡಿದ. ಅಡೀಲಾ ಅಜ್ಜಿ ಬಿಡಬೇಕಲ್ಲ.

"ಏನೋ ವೆಂಡಲ್, ಬಟ್ಟೆ ಅಂಗಡಿ ಗೊಂಬೆ ಹಾಗೆ ನಿಂತಿದೀಯ? ಬಲೆ ಸುತ್ತೋಕೆ ಮರೆತುಹೋಯ್ತಾ?"

ಕೋಟು ಬಿಚ್ಚಿ ಯಂತ್ರದ ಬಳಿ ನಿಂತವನು ಕತ್ತಲಾಗುವವರೆಗೆ ಕದಲಲಿಲ್ಲ. ಹೋಗುವಾಗ ಅವನ ಕೈಯೆಲ್ಲ ಅಂಟು. ಮೂಸಿ ನೋಡಿಕೊಂಡು ನಕ್ಕ. ನನ್ನ ಅಣ್ಣ ನಕ್ಕದ್ದನ್ನು ನೋಡಿ ಯಾವ ಕಾಲವಾಗಿತ್ತು.

ಡಿಸೆಂಬರ್ 24, ಬುಧವಾರ

ಹಿಂದಿನ ಗುಡ್ಡ ಖಾಲಿ. ಕೊನೆಯ ಮರವನ್ನು ಕೊಡಲಿಲ್ಲ, ನಮ್ಮ ಮನೆಗೇ ತಂದೆವು. ಅಜ್ಜಿ ಪಾಸು ಮಾಡಿದ್ದಾಳೆ.

ಡಿಸೆಂಬರ್ 25

ಕ್ಯಾಥರೀನ್ ತಮ್ಮನನ್ನು ಕೊನೆಗೂ ಮನೆಗೆ ಸೇರಿಸಿದಳಂತೆ. ಊಟ ಮುಗಿಸಿ ನಮ್ಮಲ್ಲಿಗೇ ಬಂದ. ಶೆಡ್‌ನ ಒಲೆ ಆರಿದೆಯಾ ನೋಡಲು ಇಬ್ಬರೂ ಹೋದೆವು. ಆರಿತ್ತು. ಆದರೂ ಬೇಗ ಬರಲಿಲ್ಲ.

ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಡಿಸೆಂಬರ್ 26, ಶುಕ್ರವಾರ

ಸಂಜೆ ಮೂವರು ಬೆಲ್‌ಸ್ನಿಕಲ್ ವೇಷದವರು ಬಂದರು — ಕ್ರಿಸ್‌ಮಸ್‌ನಿಂದ ಜನವರಿ ಮೊದಲ ವಾರದ ತನಕ ಮುಖ ಮುಚ್ಚಿಕೊಂಡು ಮನೆ ಮನೆ ಸುತ್ತಿ, ಯಾರೆಂದು ಗುರುತು ಹಿಡಿಸುವ ನಮ್ಮೂರ ಆಟ. ಒಬ್ಬ ಹೆಂಗಸಿನ ಗೌನು, ಒಬ್ಬ ದನದ ಚರ್ಮ, ಇನ್ನೊಬ್ಬ ತಲೆಗೆ ದಿಂಬಿನ ಚೀಲ. ಅಡುಗೆಮನೆಯಲ್ಲಿ ಕುಣಿದು ಮಣ್ಣು ಮೆತ್ತಿದರು. ಮಾತಾಡುವಂತಿಲ್ಲ, ತಲೆಯಾಡಿಸಬಹುದು ಅಷ್ಟೆ. ದಿಂಬಿನ ಚೀಲದವನನ್ನು ಅಪ್ಪ ನಡಿಗೆಯಲ್ಲೇ ಹಿಡಿದ, ಉಳಿದಿಬ್ಬರನ್ನು ನಾನು. ಹೆಸರು ಹೇಳಿದ ತಕ್ಷಣ ಮುಖವಾಡ ಕಿತ್ತು, ಕೇಕು ತಿಂದು, ಮುಂದಿನ ಮನೆಗೆ ಹೊರಟರು.

ರೋರಿ ಬಾಯಿ ಬಿಟ್ಟು ನೋಡುತ್ತಿದ್ದ. "ಗುರುತು ಹಿಡಿದುಬಿಟ್ರೆ ಹೊರಟೇ ಹೋಗ್ಬೇಕಾ?"

"ಹೋಗ್ಲೇಬೇಕು. ಹಿಡಿಯೋ ತನಕ ಕೂರಬಹುದು."

"ಪಾಪ," ಅಂದ.

ಡಿಸೆಂಬರ್ 27, ಶನಿವಾರ

ವೆಂಡಲ್ ಬಂದಿದ್ದ. ಮಾತಿನಂತೆ ನೀನು ಗುಡ್ಡ ಖಾಲಿ ಮಾಡಿದ್ದೀಯ, ಸಂತೋಷ ಅಂದ. ನಿಜವಾಗಿಯೂ ಸಂತೋಷದಿಂದಲೇ ಅಂದ. ಆಮೇಲೆ ಮೆತ್ತಗೆ ಕೇಳಿದ —

"ಖಾಲಿ ಗುಡ್ಡಕ್ಕೆ ವಸಂತದಲ್ಲಿ ಸಸಿ ನೆಡೋರು ಯಾರು? ಅಪ್ಪನ ಕೈಲಿ ಆಗಲ್ಲ. ನೀನು ಬೆಳಗ್ಗೆ ಸಂಜೆ ಬಸ್ ಮೇಲೆ. ಒಬ್ಬಳೇ ಸಾಯ್ತೀಯ ಇಲ್ಲಿ, ನಾನು ಅಲ್ಲಿ ಕೂತು ನೋಡ್ಬೇಕಾ? ಇನ್ನೊಂದು ಜೊತೆ ಕೈ ತೋರಿಸು ಇರ್ಮಾ, ನಾನು ಸಹಿ ಮಾತೇ ಎತ್ತಲ್ಲ."

ಜನವರಿ ನಾಲ್ಕಕ್ಕೆ ಬರುತ್ತಾನೆ, ಕಾಗದ ತರುತ್ತಾನೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಹೇಳಿದ್ದು ನಿಜ.

ಡಿಸೆಂಬರ್ 28, ಭಾನುವಾರ

ನಾಳೆ ರೋರಿಯ ಹಡಗು. ಇಬ್ಬರೂ ಖಾಲಿ ಗುಡ್ಡ ಹತ್ತಿದೆವು. ಮೊಂಡು ಬುಡಗಳು, ಮೇಲೆ ಹಿಮ.

"ಇರು ಅಂದ್ರೆ ಇರ್ತೀನಿ," ಅಂದ.

ವೆಂಡಲ್ ಹೇಳಿದ್ದನ್ನು ಇವನಿಗೆ ಹೇಳಿಲ್ಲ. ಹೇಳಿದರೆ ಕೂಲಿಗೆ ಕರೆದಂತೆ. ಹೇಳದೆ ಇರು ಅಂದರೆ ಮೋಸ ಮಾಡಿದಂತೆ. ಅದೂ ಅಲ್ಲ — ನನಗೆ ಆ ಮಾತೇ ಬರುವುದಿಲ್ಲ. ಜೀವಮಾನದಲ್ಲಿ ಯಾರಿಗೂ ಇರು ಅಂದವಳಲ್ಲ. ಬಸ್ ಬಾಗಿಲು ತೆಗೆಯುತ್ತೇನೆ, ಹತ್ತುವವರು ಹತ್ತುತ್ತಾರೆ, ಇಳಿಯುವವರು ಇಳಿಯುತ್ತಾರೆ.

"ಹಡಗಿನವರಿಗೆ ಊಟ ಯಾರು ಹಾಕ್ತಾರೆ?" ಅಂದೆ.

ಅವನು ಬೂಟಿನಿಂದ ಒಂದು ಬುಡದ ಮೇಲಿನ ಹಿಮ ಸರಿಸಿದ. ಆಮೇಲೆ ಕೆಳಗಿಳಿದೆವು.

ಡಿಸೆಂಬರ್ 29

ಹೋದ. ಕೈ ಬೀಸಿದೆ. ನಾನೇನು ಮರದ ಕೊರಡಾ?

ಜನವರಿ 1

ಹೊಸ ವರ್ಷ. ಅಪ್ಪ ನನ್ನನ್ನು ಬೈದ. ಕೋಸು ಬೇಯಿಸಿದ್ದು ಸೀದಿದೆ ಅಂತ ಶುರುಮಾಡಿ ಎಲ್ಲೆಲ್ಲಿಗೋ ಹೋದ.

"ನಾನು ಮುದುಕ, ಯಾವ ಮರ ಅಂತ ಮರೆತೆ. ನಿನಗೇನಾಗಿದೆ? ಬಾಯಿಗೆ ಬೀಗ ಹಾಕಿಕೊಂಡಿದ್ಯಾ?"

ಸೀದ ಕೋಸನ್ನು ಇಬ್ಬರೂ ತಿಂದೆವು.

ಜನವರಿ 4, ಭಾನುವಾರ. ಸಂಜೆ

ಉಗ್ರಾಣದಲ್ಲಿ ನಿಂತು ಬರೆಯುತ್ತಿದ್ದೇನೆ, ಹಿಟ್ಟಿನ ಡಬ್ಬದ ಮೇಲೆ ಪುಸ್ತಕ ಇಟ್ಟು. ಕೇಕು ತರುತ್ತೇನೆ ಅಂತ ಬಂದದ್ದು.

ಮಧ್ಯಾಹ್ನವೇ ವೆಂಡಲ್ ಬಂದ. ಕಾಗದ ಮೇಜಿನ ಮೇಲಿಟ್ಟ. ಅಪ್ಪ ಅದರ ಮೇಲೆ ಕಾಫಿ ಲೋಟ ಇಟ್ಟ. ನಾನು ಪೆನ್ನು ಕೈಗೆ ತೆಗೆದುಕೊಂಡಿದ್ದೆ. ನಿಜ, ತೆಗೆದುಕೊಂಡಿದ್ದೆ. ಆಗ ಬಾಗಿಲು ತಟ್ಟಿದರು. ಒಬ್ಬನೇ ಬೆಲ್‌ಸ್ನಿಕಲ್. ಹಳೇ ಕಿಟಕಿ ಪರದೆ ಹೊದ್ದು, ತಲೆ ಮುಖ ಎಲ್ಲ ಮುಚ್ಚುವಂತೆ ಆಲೂಗಡ್ಡೆ ಚೀಲ, ಕಣ್ಣಿಗೆರಡು ತೂತು.

ಒಳಗೆ ಬರುವ ಮೊದಲು ಕಾಲೊರೆಸಿಕೊಂಡ. ಈ ಊರಿನಲ್ಲಿ ಕಾಲೊರೆಸಿದ ಬೆಲ್‌ಸ್ನಿಕಲ್ ಇಲ್ಲಿಯವರೆಗೆ ಹುಟ್ಟಿಲ್ಲ. ಆ ಶಿಸ್ತು ಹಡಗಿನ ಅಡುಗೆಮನೆಯದು. ಪೆನ್ನು ಕೆಳಗಿಟ್ಟೆ.

ವೆಂಡಲ್‌ಗೆ ಚಿಕ್ಕಂದಿನಿಂದ ಈ ಆಟವೆಂದರೆ ಪ್ರಾಣ. ಕಾಗದ ಮರೆತು ಕುರ್ಚಿ ಎಳೆದುಕೊಂಡ.

"ಕಾರ್ಕಮ್ ಮನೆಯೋನಾ?"

ಅಲ್ಲ ಅಂತ ತಲೆ.

"ದೋಣಿಯೋನಾ?"

ಅಲ್ಲ.

"ದೊಡ್ಡ ಹಡಗಿನೋನಾ?"

ಸ್ವಲ್ಪ ತಡೆದ. ಆಮೇಲೆ ಅಲ್ಲ ಅಂದ. ನಿಧಾನವಾಗಿ, ನನ್ನ ಕಡೆ ತಿರುಗಿ.

"ಮತ್ತೆ ನೆಲದ ಮೇಲಿನ ಕೆಲಸ. ಮರದ ಕೆಲಸವಾ?"

ಹೌದು.

"ಈ ಊರಲ್ಲೇ ಇರ್ತೀಯಾ?"

ಹೌದು. ಎರಡು ಸಲ.

"ಕೈ ತೋರ್ಸು ನೋಡೋಣ," ಅಂದ ವೆಂಡಲ್. ಕೈ ಮುಂದೆ ಮಾಡಿದ. ಎರಡೂ ಕೈ, ಮೇಜಿನ ಮೇಲೆ, ಆ ಕಾಗದದ ಪಕ್ಕದಲ್ಲೇ. ವೆಂಡಲ್ ಆ ಕೈಗಳನ್ನು ನೋಡಿದ. ನನ್ನ ಮುಖ ನೋಡಿದ. ಅಪ್ಪನನ್ನು ನೋಡಿದ. ಅಪ್ಪ ಸೂರು ನೋಡುತ್ತ ಕೂತಿದ್ದ, ಕಳ್ಳ, ಅವನೇ ಫೋನ್ ಮಾಡಿರಬೇಕು. ವೆಂಡಲ್ ಮೆಲ್ಲಗೆ ಲೋಟ ಸರಿಸಿ ಕಾಗದ ಮಡಿಸಿದ, ಜೇಬಿಗೆ ಹಾಕಿಕೊಂಡ.

"ನನಗೆ ಗೊತ್ತಾಗ್ಲಿಲ್ಲಪ್ಪ," ಅಂದ. "ಇರ್ಮಾ, ನೀನು ಹೇಳು. ಯಾರು?"

ಯಾರೋ ಗೊತ್ತಿಲ್ಲ ಅಂದೆ.

ಚೀಲದೊಳಗಿನಿಂದ ನಗು. ಅಪ್ಪ ಇನ್ನೊಂದು ಕುರ್ಚಿ ಹಾಕಿದ. ಒಲೆಯ ಹತ್ತಿರದ್ದು. ಕೂತಿದ್ದಾನೆ. ಈಗಲೂ ಕೂತಿದ್ದಾನೆ, ಇಲ್ಲಿಂದ ಅವನ ಬೂಟು ಕಾಣುತ್ತದೆ, ಪರದೆಯ ಕೆಳಗೆ.

ಅಪ್ಪ ಕೂಗುತ್ತಿದ್ದಾನೆ. "ಏನೇ, ಕೇಕು ತರೋಕೆ ಲೂನೆನ್‌ಬರ್ಗ್ ಪೇಟೆಗೆ ಹೋದ್ಯಾ? ಹೆಸರು ಹೇಳ್ತೀಯೋ ಇಲ್ವೋ?"

ಹೇಳುವುದಿಲ್ಲ. ಇವತ್ತು ಹೇಳುವುದಿಲ್ಲ, ನಾಳೆ ಬೆಳಗ್ಗೆ ಬಸ್ಸು ತೆಗೆಯುವ ಮೊದಲೂ ಹೇಳುವುದಿಲ್ಲ, ಯಾರು ಕೇಳಿದರೂ —